ನಾಟಕಕ್ಕೆ ಮುಂಚೆ, ನಾಟಕ ಆದ ಮೇಲೆ

ಗೌರವ್ವನ ತಂಗಿಯ ಮಗಳು ಕೊಣ್ಣೂರಿನಿಂದ ಫೋನು ಮಾಡದೇ ಇದ್ದಿದ್ದರೆ ಮುರಿಗೆಪ್ಪನ ಆ ದಿನ ಸುಖವಾಗಿಯೇ ಕಳೆಯುತ್ತಿತ್ತು.

ಮುರಿಗೆಪ್ಪನದು ವಿಚಿತ್ರ ನೌಕರಿ. ಎಚ್‌ಐವಿ ತಡೆಯಲೆಂದು ಊರ ಹುಡುಗರೇ ತಮ್ಮ ವಾರಿಗೆಯವರಿಗೆ ಆಡಿ ತೋರಿಸುವ ಬೀದಿನಾಟಕದಿಂದ ಉಪಯೋಗವಾಯಿತೇ ಎಂದು ಅಳೆಯುವುದು. ನಾಟಕಕ್ಕೆ ಮುಂಚೆ ಮೂರು ಪ್ರಶ್ನೆ, ಆದ ಮೇಲೆ ಅವೇ ಮೂರು ಪ್ರಶ್ನೆ. ಮುಂಚೆ ತಿಳಿಯದ್ದು ಆಮೇಲೆ ತಿಳಿದಿದ್ದರೆ ಆಡುವ ಹುಡುಗರ ತಂಡವೂ ಉಳಿಯಿತು, ಮುರಿಗೆಪ್ಪನ ನೌಕರಿಯೂ ಉಳಿಯಿತು. ಮೊಬೈಲಿನಲ್ಲಿ ಒತ್ತಿದ ಉತ್ತರ ಆ ಕ್ಷಣವೇ ಮೇಲಿನವರಿಗೆ ಮುಟ್ಟುತ್ತಿತ್ತು.

ಘೋಡಗೇರಿಯಲ್ಲಿ ಕಬ್ಬಿನ ಲಾರಿಗಳು ನಿಲ್ಲುವಲ್ಲಿ ಗೌರವ್ವನ ಚಹಾದಂಗಡಿ. ಮುಂಜಾನೆ ಅಲ್ಲಿ ಕೂತಿದ್ದ ಡ್ರೈವರ್, ಕ್ಲೀನರ್ ಹುಡುಗರನ್ನು ಅವನು ಕೇಳತೊಡಗಿದ. ಒಂದೇ ತಾಟಿನಲ್ಲಿ ಉಂಡರೆ ಎಚ್‌ಐವಿ ಬರುತ್ತದೆಯೇ?

"ಇಲ್ರಿ."

ಮುಖ ನೋಡಿದರೆ ಗೊತ್ತಾಗುತ್ತದೆಯೇ?

"ಆಗೂದಿಲ್ರಿ. ರಕ್ತ ತಪಾಸಣಿ ಮಾಡಸಬೇಕ್ರಿ."

ನಿರೋಧ್ ಬಳಸಿದರೆ ತಪ್ಪಿಸಬಹುದೇ ಎಂಬುದಕ್ಕಂತೂ ಹಾಲು ಹಾಕಲು ಬಂದಿದ್ದ ಮುದುಕ ಬೀರಸಿದ್ದಪ್ಪನೂ ಹೌದೆಂದು ಕೈ ಎತ್ತಿದ. ಎಲ್ಲರದೂ ಮಗ್ಗಿ ಒಪ್ಪಿಸಿದಂತೆ ಸರಿಯುತ್ತರ. ಮುರಿಗೆಪ್ಪನ ಮುಖ ಹಾಲು ಒಡೆದ ಚಹಾದಂತಾಯಿತು.

ಗೌರವ್ವ ಹೆಮ್ಮೆಯಿಂದ ಗುಟ್ಟು ಬಿಚ್ಚಿದಳು. ನಿನ್ನೆ ಕೊಣ್ಣೂರಿನಲ್ಲಿ ಅವನು ಕೇಳಿದ ಪ್ರಶ್ನೆಗಳನ್ನು ತಂಗಿಯ ಮಗಳು ತಿಳಿಸಿದ್ದಳಂತೆ. ಗೌರವ್ವ ನರ್ಸಬಾಯಿಯಿಂದ ಉತ್ತರ ಕಲಿತು, ಎಲ್ಲರಿಗೂ ಕಲಿಸಿ, ಬಾಯಿಪಾಠ ಒಪ್ಪಿಸದವರಿಗೆ ಚಹಾ ಇಲ್ಲ ಎಂದಿದ್ದಳಂತೆ. "ದೂರಿಂದ ಬಂದ ಸಾಹೇಬ್ರ ಮುಂದ ನಮ್ಮೂರ ಹೆಸರ ಹೋಗಬಾರದಲ್ರಿ."

"ಎಲ್ಲಾರೂ ಹಿಂಗ ಖರೇ ಉತ್ತರಾನ ಹೇಳಿದ್ರ ನನ್ನ ನೌಕರಿ ಹೋಗತೈತಿ, ಯವ್ವಾ," ಎಂದು ಮುರಿಗೆಪ್ಪ ಬಾಯಿತಪ್ಪಿ ಅಂದುಬಿಟ್ಟ.

ಗೌರವ್ವ ಅವನ ತಾಟಿಗೆ ಇನ್ನೆರಡು ಭಜಿ ಹಾಕಿದಳು.

ಸಂಜೆಯ ನಾಟಕದಲ್ಲಿ ಕ್ಲೀನರ್ ಶುಭಮ್ ಎಚ್‌ಐವಿ ಬಂದ ಹುಡುಗನಾಗಿದ್ದ. ಗೆಳೆಯರು ಅವನ ತಾಟನ್ನು ದೂರ ತಳ್ಳಿದಾಗ ಬೀರಸಿದ್ದಪ್ಪನಿಗೆ ತಡೆಯಲಾಗಲಿಲ್ಲ. ಆಟದ ನಡುವೆಯೇ ನುಗ್ಗಿ, "ಅವ್ರನ್ನ ಬಿಡ, ತಮ್ಮಾ. ನನ್ನ ಕೂಡ ಉಣ್ಣ ಬಾ," ಎಂದು ಅವನನ್ನು ಎಳೆದು ಕೂರಿಸಿಕೊಂಡ. ನಾಟಕ ಅಲ್ಲಿಗೇ ಮುಗಿಯಿತು. ಗೌರವ್ವ ದೊಡ್ಡ ತಾಟಿನಲ್ಲಿ ರೊಟ್ಟಿ, ಝುಣಕ ತಂದಿಟ್ಟಳು; ಅದರ ಸುತ್ತ ಹುಡುಗರೆಲ್ಲ ಕೂತರು. ಇಬ್ಬರು ಮುರಿಗೆಪ್ಪನನ್ನು ಬದಿಗೆ ಕರೆದು ರಕ್ತ ತಪಾಸಣೆ ಎಲ್ಲಿ ಮಾಡುತ್ತಾರೆಂದು ಮೆಲ್ಲಗೆ ಕೇಳಿದರು.

ಮುರಿಗೆಪ್ಪನಿಗೆ ಜೀವ ಬಂತು. ಮುಂಜಾನೆ ಬಂದಷ್ಟೇ ಸರಿಯುತ್ತರ ಈಗಲೂ ಬಂದರೆ ಹೇಗೋ ನಿಭಾಯಿಸಬಹುದು ಎಂದುಕೊಂಡು ಮತ್ತೆ ಕೇಳಿದ. ಒಂದೇ ತಾಟಿನಲ್ಲಿ ಉಂಡರೆ ಬರುತ್ತದೆಯೇ?

"ಬರತೈತ್ರಿ," ಎಂದ ಡ್ರೈವರ್ ಮಲ್ಲೇಶ, ಶುಭಮ್ ಮುರಿದುಕೊಟ್ಟ ರೊಟ್ಟಿ ಅಗಿಯುತ್ತ.

ಮುಖ ನೋಡಿದರೆ?

"ಪಟ್ನ ಗೊತ್ತಾಗತೈತ್ರಿ," ಎಂದರು ಎಲ್ಲರೂ.

ನಿರೋಧ್?

"ಹಂಗಂದ್ರ ಏನ್ರಿ?" ಎಂದ ಬೀರಸಿದ್ದಪ್ಪ.

ಐದೇ ನಿಮಿಷಕ್ಕೆ ಮೇಲಿನವರ ಫೋನು ಬಂತು. ತಿಳಿದವರೂ ಮರೆಯುವಂತೆ ಮಾಡಿದ ನಾಟಕವನ್ನು ತಾವು ಇದೇ ಮೊದಲು ಕಂಡದ್ದಂತೆ. ನಾಳೆ ಬಂದು ಕಾಣಬೇಕಂತೆ.

ಫೋನಿಟ್ಟು ನಿಂತವನ ಹತ್ತಿರ ಗೌರವ್ವ ಬಂದು ಪಿಸುಗುಟ್ಟಿದಳು. "ಎಲ್ಲಾರಿಗೂ ತಾಕೀತ ಮಾಡಿದ್ನಿರಿ. ಒಬ್ಬರರೆ ಖರೇ ಉತ್ತರ ಹೇಳಿದ್ರೇನು? ಇನ್ನ ನಿಮ್ಮ ನೌಕರಿ ಗಟ್ಟಿ ಆತಲ್ರಿ?"

ಮುರಿಗೆಪ್ಪ ಅವಳ ಮುಖ ನೋಡಿದ.

"ಗಟ್ಟಿ ಆತವ್ವ," ಎಂದು ಶುಭಮ್‌ನ ಬಾಜೂ ಕೂತು, ಅದೇ ತಾಟಿಗೆ ಕೈ ಹಾಕಿದ.