ಕಾಡುಪಾಪಕ್ಕೆ ಒಂದು ಹೆಬ್ಬೆಟ್ಟು

ನಮ್ಮ ಕಡೆ ಯಾರನ್ನಾದರೂ ‘ಇಲ್ಲಿ ಇಂಥ ಪ್ರಾಣಿ ಇದೆಯಾ?’ ಎಂದು ಕೇಳಿ ನೋಡಿ. ಉತ್ತರ ಸಿಗುವುದಿಲ್ಲ, ಒಂದು ಪ್ರಸಂಗ ಸಿಗುತ್ತದೆ. ಎಂಬತ್ತರ ದಶಕದಲ್ಲಿ ಎರಡು ವರ್ಷ ನನ್ನ ಉದ್ಯೋಗವೇ ಹೀಗೆ ಕೇಳಿಕೊಂಡು ತಿರುಗುವುದಾಗಿದ್ದರಿಂದ ನನ್ನ ಹತ್ತಿರ ಇಂಥವು ಅಟ್ಟದ ಕೊಬ್ಬರಿಯಷ್ಟು ತುಂಬಿಕೊಂಡಿವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾವ ಪ್ರಾಣಿ ಎಲ್ಲೆಲ್ಲಿದೆ ಎಂದು ನಕ್ಷೆ ಮಾಡಲು ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಬಂದಿದ್ದರು. ನಾನು ಅವರ ಸಹಾಯಕ. ಪ್ರಾಣಿ ನೋಡುವುದು ಅವರ ಕೆಲಸ, ನಕ್ಷೆಯ ಮೇಲೆ ಚುಕ್ಕೆ ಇಡುವುದು ನನ್ನದು. ಆಗ ಊರಾಚೆಯ ಕುರುಚಲು ಕಾಡುಗಳನ್ನೆಲ್ಲ ಸವರಿ ನೀಲಗಿರಿ ನೆಡುವ ಭರಾಟೆ. ಅಪರೂಪದ ಪ್ರಾಣಿಯ ಚುಕ್ಕೆ ಬಿದ್ದ ಜಾಗವನ್ನು ಮುಟ್ಟುವುದಿಲ್ಲ, ಖಾಲಿ ಇದ್ದಲ್ಲಿ ಮಾತ್ರ ನೀಲಗಿರಿ ಎಂದು ಮೇಲಿನವರು ಒಪ್ಪಿದ್ದರು. ಹಾಗಾಗಿ ನಾನು ಇಡುತ್ತಿದ್ದದ್ದು ಸಾಮಾನ್ಯ ಚುಕ್ಕೆಯಲ್ಲ. ನನಗೆ ಅದರ ಜಂಬವೂ ಸ್ವಲ್ಪ ಇತ್ತು.

ಟಾರು ರಸ್ತೆಯ ನರಿಗಳು

ಮೊದಲು ಹಿಡಿದದ್ದು ನರಿಯನ್ನು. ಮೂರು ತಿಂಗಳು ತಿರುಗಿ, ನಕ್ಷೆ ಹಾಸಿ ನೋಡಿದರೆ ಚುಕ್ಕೆಗಳೆಲ್ಲ ರಸ್ತೆಯ ಪಕ್ಕದಲ್ಲೇ ಸಾಲಾಗಿ ಕೂತಿವೆ. ಎರಡು ಮೈಲಿ ಒಳಗೆ ಹೋದರೆ ಒಂದೂ ಇಲ್ಲ. ಮೇಷ್ಟ್ರು ಎರಡು ದಿನ ತಲೆ ಕೆಡಿಸಿಕೊಂಡು, ರಸ್ತೆ ಪಕ್ಕ ಇಲಿ ಹೆಚ್ಚು, ಇಲಿಯ ಹಿಂದೆ ನರಿ ಬಂದಿದೆ ಎಂದು ಎರಡು ಪುಟ ಬರೆದರು. ನಾನು ಅದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದೆ.

ಮಾರನೆಯ ದಿನ ತುರುವೇಕೆರೆಯಿಂದ ದಬ್ಬೇಘಟ್ಟದ ಬಸ್ಸು ಹತ್ತಿ, ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆವು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಬಗ್ಗಿ ನೋಡಿದ.

“ಏನ್ಸಾರ್, ನಮ್ ಬಸ್ಸಿನ ಸ್ಟಾಪೆಲ್ಲ ಗುರ್ತು ಹಾಕ್ಕೊಂಡಿದೀರಿ?”

“ಇವು ನರಿ ಇರೋ ಜಾಗ ಕಣಪ್ಪ,” ಎಂದರು ಮೇಷ್ಟ್ರು.

“ನರಿ ಇರೋ ಜಾಗ ಅಲ್ಲ ಕಣ್ರೀ, ನೀವು ಇಳಿಯೋ ಜಾಗ! ದಿನಾ ಇಳಿಸೋನು ನಾನಲ್ವಾ? ನೀವು ಇಳಿದ ಕಡೆ ತಾನೆ ನಿಮ್ ಕಣ್ಣಿಗೆ ಬೀಳೋದು?”

ಮೇಷ್ಟ್ರು ಆ ಎರಡು ಪುಟ ಹರಿದು ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ನಮ್ಮ ಪಾಲಿಗೆ ಬಸ್ಸಿಲ್ಲ, ಬರೀ ನಡಿಗೆ. ಅಂದು ನಾವು ಇಳಿಯುವಾಗ ಕಂಡಕ್ಟರ್ ಬಾಗಿಲಿನಿಂದಲೇ ಕೂಗಿದ: “ಸಾರ್, ದಬ್ಬೇಘಟ್ಟದ ಮುಂದಿನ ಸ್ಟಾಪು ಬಿಟ್ಟೋಗೈತೆ, ಅಲ್ಲೂ ಒಂದು ನರಿ ಹಾಕ್ಕೊಳಿ!”

ಪಕ್ಕದೂರಿನ ತೋಳ

ಆಮೇಲೆ ತೋಳ. ತೋಳ ಇದ್ದರೆ ಸರ್ಕಾರ ತೋಟ ಕಿತ್ತುಕೊಳ್ಳುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಬಿಳಿಗೆರೆಗೆ ಹೋಗುವ ದಾರಿಯ ಒಂದೂರಲ್ಲಿ ಕೇಳಿದೆವು. “ನಮ್ಮಲ್ಲಿಲ್ಲ ಕಣಪ್ಪ, ಪಕ್ಕದೂರಾಗೆ ಅವೆ.” ಪಕ್ಕದೂರಿಗೆ ಹೋದರೆ, “ಇಲ್ಲೆಲ್ಲಿ ತೋಳ? ಆ ಪಕ್ಕದೂರಿಗೋಗಿ.” ಹೀಗೆ ಐದು ಊರು ಸುತ್ತಿ ಸಂಜೆಗೆ ಮೊದಲನೆಯ ಊರಿಗೇ ಬಂದು ನಿಂತೆವು. ಕುರಿ ಮಾತ್ರ ಎಲ್ಲಾ ಊರಲ್ಲೂ ಕಡಿಮೆಯಾಗುತ್ತಿದ್ದವು.

ಒಂದು ತಿಂಗಳಿಗೆ ಗಾಳಿಸುದ್ದಿ ತಿರುಗಿತು. ಅಪರೂಪದ ಪ್ರಾಣಿ ಇರುವ ಊರಿಗೆ ಸರ್ಕಾರದವರು ಬೋರು ಕೊರೆಸುತ್ತಾರಂತೆ! ತಗೊಳ್ಳಿ, ನಾವಿಳಿದಿದ್ದ ಛತ್ರದ ಮುಂದೆ ಬೆಳಗಾಗುವುದರೊಳಗೆ ಜನ. ಒಬ್ಬರಿಗೆ ತೋಳ ಹತ್ತು ಕಂಡಿವೆ, ಇನ್ನೊಬ್ಬರಿಗೆ ಇಪ್ಪತ್ತು. ದೊಡ್ಡ ತೋಟದ ಯಜಮಾನರೊಬ್ಬರು ಎಲ್ಲರನ್ನೂ ಸರಿಸಿ ಮುಂದೆ ಬಂದು, ಹುಲಿ ನೋಡಿದ್ದೇನೆ ಎಂದರು. ಹುಲಿ ಈ ಬಯಲುಸೀಮೆಗೆ ಬರುವುದಿಲ್ಲ, ಒಂದೊಂದು ಪ್ರಾಣಿಗೂ ಅದರದೇ ಸೀಮೆ ಇರುತ್ತದೆ ಎಂದು ಮೇಷ್ಟ್ರು ಕಾಲು ಗಂಟೆ ವಿವರಿಸಿದರು. ಯಜಮಾನರು ತಾಳ್ಮೆಯಿಂದ ಕೇಳಿದರು.

“ಹುಲಿ ಆಗಲ್ವಾ? ಹಂಗಾದ್ರೆ ಯಾವ್ದು ಆಗ್ತದೋ ಅದನ್ನೇ ಬರ್ಕೊಳಿ ಮೇಷ್ಟ್ರೇ. ಬೋರು ಮಾತ್ರ ನಮ್ ತೋಟದ ಮಗ್ಗುಲಿಗೇ ಹಾಕ್ಸಿ!”

ಅಜ್ಜಿಯ ‘ಇಲ್ಲ’

ಕೊನೆಯದು ಕಾಡುಪಾಪ. ಒಂದು ಹಿಡಿಯಷ್ಟೇ ಗಾತ್ರ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಹಗಲೆಲ್ಲ ಪೊದೆಯಲ್ಲಿ ಉಂಡೆಯಾಗಿ ಮಲಗಿರುತ್ತದೆ. “ಇಡೀ ಪ್ರಪಂಚದಲ್ಲಿ ಇದು ಇರೋದು ನಮ್ಮ ದಕ್ಷಿಣದಲ್ಲಿ, ಬಿಟ್ಟರೆ ಸಿಂಹಳದಲ್ಲಿ,” ಎನ್ನುತ್ತಿದ್ದರು ಮೇಷ್ಟ್ರು. “ಇದಕ್ಕೆ ಮಂಗನ ಹಾಗೆ ನೆಗೆಯಲು ಬರಲ್ಲ. ಕೊಂಬೆಯಿಂದ ಕೊಂಬೆಗೆ ಕೈ ಹಿಡ್ಕೊಂಡೇ ಹೋಗಬೇಕು. ನಡುವೆ ಒಂದು ಪಟ್ಟಿ ಸವರಿದರೆ ಅಲ್ಲಿಗೆ ಮುಗೀತು.”

ಅರಳಗುಪ್ಪೆ ಕಡೆಯ ಒಂದು ಕುರುಚಲು ಕಾಡಿನಲ್ಲಿ ಅದು ಇರಲೇಬೇಕೆಂದು ಅವರಿಗೆ ನಂಬಿಕೆ. ಕಾಡಿಗೆ ಅಂಟಿದಂತೆ ಒಬ್ಬ ಅಜ್ಜಿಯ ತೆಂಗಿನ ತೋಟ. ನಾವು ಹೋದಾಗಲೆಲ್ಲ ಅಜ್ಜಿ ಮಜ್ಜಿಗೆ ಕೊಡುತ್ತಿತ್ತು, ಜೊತೆಗೊಂದು ‘ಇಲ್ಲ’ ಕೊಡುತ್ತಿತ್ತು.

“ಕಾಡುಪಾಪ? ಅದ್ಯಾವ್ದಪ್ಪ? ಹುಟ್ಟಿದ್ಮೇಲೆ ಕಂಡೇ ಇಲ್ಲ.”

ನಾಲ್ಕು ಸಲ ಹೋದೆವು, ನಾಲ್ಕು ಲೋಟ ಮಜ್ಜಿಗೆ, ನಾಲ್ಕು ‘ಇಲ್ಲ’. ನಕ್ಷೆಯಲ್ಲಿ ಆ ಜಾಗ ಖಾಲಿ ಉಳಿಯಿತು.

ಐದನೆಯ ಸಲ ಹೋದಾಗ ನೀಲಗಿರಿಯವರು ಹಗ್ಗ ಹಿಡಿದು, ಸುಣ್ಣದಲ್ಲಿ ಗುಂಡಿಯ ಗುರುತು ಹಾಕುತ್ತಿದ್ದರು. ಅಜ್ಜಿ ಗಾಬರಿಯಿಂದ ನನ್ನ ಹತ್ತಿರ ಬಂತು. “ಇದ್ನೆಲ್ಲ ಯಾಕಪ್ಪ ಕಡೀತಾರೆ?”

“ನಕ್ಷೇಲಿ ಇಲ್ಲಿ ಏನೂ ಇಲ್ವಲ್ಲಜ್ಜಿ. ನೀವೇ ತಾನೆ ಇಲ್ಲ ಇಲ್ಲ ಅಂದಿದ್ದು?” ಎಂದು ತಮಾಷೆಗೆ ಅಂದುಬಿಟ್ಟೆ.

ಅಜ್ಜಿಯ ಮುಖ ನೋಡಿ ನನಗೆ ಯಾಕಾದರೂ ಅಂದೆನೋ ಅನ್ನಿಸಿತು. ಅಜ್ಜಿ ಮೇಷ್ಟ್ರ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, ಒಂದು ಮುಳ್ಳುಪೊದೆಯನ್ನು ಕೋಲಿನಿಂದ ಮೆಲ್ಲಗೆ ಸರಿಸಿತು. ಒಳಗೆ ಒಂದು ಬೂದು ಉಂಡೆ. ಅದರ ಹೊಟ್ಟೆಗೆ ಅವುಚಿಕೊಂಡು ಇನ್ನೊಂದು ಪುಟ್ಟ ಉಂಡೆ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಮತ್ತೆ ಇಷ್ಟು ದಿನ ಇಲ್ಲ ಅಂದ್ರಲ್ಲಜ್ಜಿ?” ಎಂದೆ.

“ಇನ್ನೇನನ್ಲಿ? ಆ ವರ್ಸ ಒಬ್ಬ ಹಿಂಗೇ ಬಂದು ಹಿಂಗೇ ನಯವಾಗಿ ಕೇಳ್ದ. ತೋರಿಸ್ದೆ. ಕಣ್ಣಿಗೆ ಔಸ್ದಿ ಮಾಡ್ತೀನಿ ಅಂತ ನಾಕನ್ನ ಚೀಲಕ್ಕೆ ತುಂಬ್ಕೊಂಡು ಹೊಂಟೋದ. ಅವತ್ತಿಂದ ಹೆಗಲಿಗೆ ಚೀಲ ಹಾಕ್ಕೊಂಡು ಬಂದೋರ್ಗೆಲ್ಲ ಇಲ್ಲ ಅಂತೀನಿ.”

ನಾನೂ ಮೇಷ್ಟ್ರೂ ನಮ್ಮ ನಮ್ಮ ಹೆಗಲ ಚೀಲ ನೋಡಿಕೊಂಡೆವು.

ಈಗ ಹೊಸ ಫಜೀತಿ. ಚುಕ್ಕೆ ಇಡದಿದ್ದರೆ ನೀಲಗಿರಿ ಬರುತ್ತದೆ, ಇಟ್ಟರೆ ಅದನ್ನು ನೋಡಿಕೊಂಡು ಚೀಲದವನು ಬರುತ್ತಾನೆ. ಮೇಷ್ಟ್ರು ಕೂಲಿಯವರ ಹೆಬ್ಬೆಟ್ಟು ಹಾಕಿಸಲು ನೀಲಗಿರಿಯವರು ತಂದಿದ್ದ ಮಸಿಯ ಪ್ಯಾಡು ಇಸಿದುಕೊಂಡರು. ನನ್ನ ಸಣ್ಣ ಮೊನೆಯ ಪೆನ್ನನ್ನು ಪಕ್ಕಕ್ಕಿಡಲು ಹೇಳಿ, ನಕ್ಷೆ ಹರಡಿದರು.

“ಅಜ್ಜಿ, ಇಲ್ಲಿ ನಿಮ್ಮ ಹೆಬ್ಬೆಟ್ಟು ಒತ್ತಿ.”

ಅಜ್ಜಿ ಕೈ ಹಿಂದಕ್ಕೆಳೆದುಕೊಂಡಿತು. “ತೋಟ ಮಾತ್ರ ಬರ್ಕೊಡಲ್ಲ ನಾನು!”

ಇದು ತೋಟದ ಪತ್ರವಲ್ಲ ಎಂದು ದೇವರ ಮೇಲೆ ಆಣೆ ಮಾಡಿದ ಮೇಲೆ ಒತ್ತಿತು. ತೆಂಗಿನ ನಾರು ಬಿಡಿಸಿ ಬಿಡಿಸಿ ಅಗಲವಾಗಿದ್ದ ಹೆಬ್ಬೆಟ್ಟು. ನಕ್ಷೆಯಲ್ಲಿ ಅಜ್ಜಿಯ ಊರು, ಆಚೀಚೆಯ ಮೂರು ಊರು, ಕುರುಚಲು ಕಾಡು, ಎಲ್ಲವೂ ಅದರಡಿ ಮುಚ್ಚಿಹೋದವು. ಪೊದೆ ಯಾವುದೆಂದು ಯಾವ ಚೀಲದವನಿಗೂ ಗೊತ್ತಾಗುವಂತಿರಲಿಲ್ಲ. ಹೆಬ್ಬೆಟ್ಟೂ ಚುಕ್ಕೆಯ ಲೆಕ್ಕವೇ ಆದ್ದರಿಂದ ಆ ಮಸಿಯ ಕೆಳಗೆ ಒಂದು ಗಿಡವನ್ನೂ ಕಡಿಯುವಂತಿರಲಿಲ್ಲ. ನೀಲಗಿರಿಯವರು ಹಗ್ಗ ಸುತ್ತಿಕೊಂಡು ಹೋದರು.

ಆರು ತಿಂಗಳ ಮೇಲೆ ಮತ್ತೆ ಹೋದೆವು. ಕುರುಚಲು ಕಾಡು ಹಾಗೇ ಇತ್ತು, ಸುಣ್ಣದ ಗುರುತು ಅಳಿಸಿಹೋಗಿತ್ತು. ಮೇಷ್ಟ್ರು ಸಂತೋಷದಿಂದ, “ಏನಜ್ಜಿ, ಕಾಡುಪಾಪ ಚೆನ್ನಾಗಿದೆಯಾ?” ಎಂದು ಕೇಳಿದರು.

ಅಜ್ಜಿ ಅವರ ಹೆಗಲ ಚೀಲವನ್ನು ಒಂದು ಸಲ ನೋಡಿ, ಒಳಗೆ ಹೋಗಿ ಮಜ್ಜಿಗೆ ತಂದು ಕೈಗಿತ್ತು ಹೇಳಿತು:

“ಕಾಡುಪಾಪ? ಅದ್ಯಾವ್ದಪ್ಪ? ಹುಟ್ಟಿದ್ಮೇಲೆ ಕಂಡೇ ಇಲ್ಲ.”