ಹೂಂರಾಯರು ಆಪ್ತಸಲಹೆಗಾರರನ್ನು ಹುಡುಕಿದ್ದು

ಘಟನೆಗಳು ನಡೆದದ್ದು ಈ ಕ್ರಮದಲ್ಲಿ: ಬೆಳಗಿನ ತಿಂಡಿಯ ಹೊತ್ತಿಗೆ ಹೆಂಡತಿಯ ಗಡುವು, ಊಟದ ಬಿಡುವಿನಲ್ಲಿ ಒಂದು ದೂರವಾಣಿ ಕರೆ, ಸಂಜೆಯ ವೇಳೆಗೆ ಅದರ ಪರಿಣಾಮ. ಎಲ್ಲಕ್ಕೂ ಮೂಲ ಒಂದು ‘ಹೂಂ’.

ಶ್ರವಣಯಂತ್ರಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದ ಹಿರಿಯ ತಂತ್ರಜ್ಞರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಹೂಂರಾಯ. ಯಾರು ಏನು ಕೇಳಿದರೂ ಅವರ ಉತ್ತರ ಅದೊಂದೇ. ಆ ಬೆಳಿಗ್ಗೆ ಹೆಂಡತಿ, “ನಾನು ಮನೆ ಬಿಟ್ಟು ಹೋಗ್ಲಾ?” ಎಂದು ಕೇಳಿದಾಗಲೂ ಅವರು ಪತ್ರಿಕೆಯಿಂದ ತಲೆಯೆತ್ತದೆ “ಹೂಂ” ಎಂದರು.

“ನನ್ನ ಹತ್ರ ಮಾತಾಡೋಕಾಗಲ್ಲ ಅಂದ್ರೆ ಬೇಡ. ಮಾತಾಡ್ಸೋಕೆ ಅಂತಲೇ ಓದ್ಕೊಂಡೋರು ಇದ್ದಾರೆ. ಅಂಥವರ ಹತ್ರ ಇವತ್ತೇ ಹೋಗಿ ಬನ್ನಿ. ಇಲ್ಲಾಂದ್ರೆ ಸಂಜೆ ನಾನು ಅಣ್ಣನ ಮನೆಗೆ ಹೊರಟೆ.”

ಆಪ್ತಸಲಹೆಗಾರರು ಯಾರಾದರೂ ಗೊತ್ತೇ ಎಂದು ಹೂಂರಾಯರು ಕಾರ್ಯಾಗಾರದಲ್ಲಿ ಮೇಲ್ವಿಚಾರಕರನ್ನು ಮೆಲ್ಲಗೆ ವಿಚಾರಿಸಿದರು. ಮೇಲ್ವಿಚಾರಕರು ಮೆಲ್ಲಗೆ ಮಾತಾಡುವವರಲ್ಲ.

“ಗಂಡಸರ ಮನಸ್ಸಿಗೂ ಡಾಕ್ಟರಾ? ಬೆಳಿಗ್ಗೆ ಎದ್ದು ನಾಲ್ಕು ಸುತ್ತು ಓಡಿ, ಸರಿಹೋಗತ್ತೆ.”

“ನಮ್ಮಪ್ಪ ಮದುವೆಯಾದ ಮೇಲೆ ನಮ್ಮಮ್ಮನ ಹತ್ರ ಮಾತೇ ಆಡ್ಲಿಲ್ಲ,” ಎಂದ ಕಿವಿಯ ಅಚ್ಚು ತೆಗೆಯುವವನು. “ಎಷ್ಟು ಚೆನ್ನಾಗಿದ್ರು ಗೊತ್ತಾ?”

“ಅಮ್ಮನೂ ಹಾಗೇ ಅಂತಿದ್ರಾ?” ಬೆಸುಗೆಯವನು ಕೇಳಿದ.

“ಅವ್ರನ್ನ ಯಾರು ಕೇಳಿದ್ರು?”

ನಗೆ ಮೇಜಿನಿಂದ ಮೇಜಿಗೆ ಉರುಳಿತು. ಹೂಂರಾಯರು ಊಟದ ಬಿಡುವಿನವರೆಗೆ ಕಾದು, ಪರೀಕ್ಷಾ ಕೋಣೆಯನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಆ ಕೋಣೆಯಿಂದ ಗುಡುಗಿದರೂ ಸದ್ದು ಹೊರಬೀಳದು. ಯಂತ್ರ ಧರಿಸಿದವರಿಗೆ ಫೋನಿನ ಧ್ವನಿ ಹೇಗೆ ಕೇಳುತ್ತದೆಂದು ನೋಡಲು ಅಲ್ಲೊಂದು ಫೋನನ್ನೂ ಇಟ್ಟಿದ್ದರು. ಪತ್ರಿಕೆಯಲ್ಲಿ ಕಂಡಿದ್ದ ಆಪ್ತಸಲಹಾ ಕೇಂದ್ರದ ನಂಬರಿಗೆ ಅದರಿಂದಲೇ ಕರೆ ಮಾಡಿದರು. ಕೇಂದ್ರದ ಸಹಾಯಕಿ, “ಸಂಕೋಚ ಬೇಡ, ತೊಂದರೆ ಏನು ಅಂತ ಸ್ವಲ್ಪ ಹೇಳಿ,” ಎಂದಳು.

ಮುಖ ಕಾಣದ ಆ ಧ್ವನಿಗೆ ಹೂಂರಾಯರ ಗಂಟಲು ಹಳೆಯ ನಲ್ಲಿಯಂತೆ ಮೊದಲು ಗೊರಗುಟ್ಟಿತು, ಆಮೇಲೆ ಹರಿಯಿತು.

“ಮದುವೆಯಾದ ಹೊಸದರಲ್ಲಿ ಆಗಾಗ ಕರೆಂಟ್ ಹೋಗ್ತಿತ್ತು. ಇಬ್ರೂ ಮಹಡಿ ಮೆಟ್ಟಿಲ ಮೇಲೆ ಕೂತ್ಕೋತಿದ್ವಿ. ಅವಳು ಬೀಸಣಿಗೆ ಬೀಸೋಳು, ನನಗೆರಡು ಸಲ, ಅವಳಿಗೊಂದು ಸಲ. ಕತ್ತಲಲ್ಲಿ ಏನು ಬೇಕಾದ್ರೂ ಹೇಳ್ಬಹುದಿತ್ತು. ಕೆಲಸ ಹೋದೀತು ಅನ್ನೋ ಭಯ, ಅಪ್ಪನ ಮೇಲಿನ ಸಿಟ್ಟು, ಎಲ್ಲ ಹೇಳ್ತಿದ್ದೆ. ದೀಪ ಬಂದ್ರೆ ಇಬ್ರಿಗೂ ಬೇಜಾರು. ಆಮೇಲೆ ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದ್ರು. ಕರೆಂಟ್ ಹೋಗೋದೇ ನಿಂತ್ಹೋಯ್ತು. ಬೆಳಕಲ್ಲಿ ಮಾತು ಶುರು ಮಾಡೋದು ಹೇಗೆ ಅಂತ ನನಗೆ ಈಗಲೂ ಗೊತ್ತಿಲ್ಲ.”

ಸಹಾಯಕಿ ಪುಸ್ತಕದ ಹಾಳೆ ತಿರುವಿದಳು. “ಇವತ್ತು ಸಂಜೆ ಪೂರ್ತಿ ಖಾಲಿ ಇದೆ. ರಜೆ ಕೇಳ್ಕೊಂಡು, ಎಷ್ಟು ಗಂಟೆಗೆ ಬರ್ತೀರಾ ಹೇಳಿ.”

ಹಗುರಾದ ಹೂಂರಾಯರು ಹೊರಬಂದರು. ಅಷ್ಟೂ ಮಂದಿ, ದುರಸ್ತಿಯಾದ ಒಂದೊಂದು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, ಫೋಟೋಕ್ಕೆ ಕೂತವರಂತೆ ಅಲುಗಾಡದೆ ಕೂತಿದ್ದರು. ಬೆಸುಗೆಯವನು ಕಣ್ಣೊರೆಸಿಕೊಂಡು “ಹೊಗೆ” ಎಂದ. ಅವನ ಬೆಸುಗೆಕಡ್ಡಿ ತಣ್ಣಗಿತ್ತು.

“ರಜೆ ತಾನೇ? ತಗೊಳ್ಳಿ,” ಎಂದರು ಮೇಲ್ವಿಚಾರಕರು, ಮೊದಲ ಬಾರಿ ಮೆಲ್ಲಗೆ.

ಹೂಂರಾಯರು ರಜೆ ಕೇಳಿಯೇ ಇರಲಿಲ್ಲ. ತಿರುಗಿ ನೋಡಿದರೆ, ಕೋಣೆಯ ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಒಳಗಿನ ಮಾತೂ ಫೋನಿನ ಧ್ವನಿಯೂ ಮೇಜಿನ ಪ್ರತಿ ಯಂತ್ರಕ್ಕೂ ತಲುಪುವಂತೆ ಬೆಳಿಗ್ಗೆ ತಂತಿ ಜೋಡಿಸಿದ್ದವರು ಅವರೇ.

ಯಾರೂ ನಗಲಿಲ್ಲ. ಅಚ್ಚು ತೆಗೆಯುವವನು ಪಕ್ಕಕ್ಕೆ ಕರೆದು, “ಆ ನಂಬರ್ ಕೊಡ್ತೀರಾ? ನಮ್ಮ ಭಾವಮೈದನಿಗೆ,” ಎಂದ. ಬೆಸುಗೆಯವನು ಪಕ್ಕದ ಮನೆಯವರಿಗಾಗಿ ಕೇಳಿದ. ಮೇಲ್ವಿಚಾರಕರು ಒಬ್ಬ ಹಳೆಯ ಸ್ನೇಹಿತನಿಗಾಗಿ ಕೇಳಿದರು. ಹೀಗೆ ಒಬ್ಬೊಬ್ಬರಾಗಿ ಬಂದ ಎಲ್ಲರಿಗೂ ಹೂಂರಾಯರು ನಂಬರ್ ಹೇಳಿ, ಕೈಯಲ್ಲಿದ್ದ ಯಂತ್ರವನ್ನು ಮುಗಿಸಿ, ಮತ್ತೆ ಫೋನ್ ಮಾಡಿದರು.

“ಕ್ಷಮಿಸಿ ಸರ್, ತುಂಬ್ಹೋಯ್ತು,” ಎಂದಳು ಸಹಾಯಕಿ. “ಇವತ್ತಿಂದು ಮಾತ್ರ ಅಲ್ಲ, ಈ ತಿಂಗಳು ಪೂರ್ತಿ. ವಾರವಾರ ಬರ್ತೀವಿ ಅಂದ್ರು. ಎಲ್ಲರೂ ನಿಮ್ಮ ಹೆಸರೇ ಹೇಳಿದ್ರು.”

ಅಷ್ಟರಲ್ಲಿ ಹೆಂಡತಿಯ ಕರೆ ಬಂತು.

“ಹೋಗಿದ್ರಾ?”

“ಜಾಗ ಇಲ್ವಂತೆ. ನಮ್ಮ ಮೇಲ್ವಿಚಾರಕರು, ಬೆಸುಗೆಯವನು, ಎಲ್ಲ ಮೊದಲೇ ಹಿಡ್ಕೊಂಡ್ಬಿಟ್ಟಿದ್ದಾರೆ.”

“ಒಂದು ಸುಳ್ಳನ್ನಾದ್ರೂ ನೆಟ್ಟಗೆ ಹೇಳೋಕೆ ಬರಲ್ವಲ್ಲ ನಿಮಗೆ. ನಾನು ಹೊರಟೆ.”

ಆ ಕಾರ್ಯಾಗಾರದಲ್ಲಿ ಆಪ್ತಸಲಹೆ ಬೇಡವಾಗಿದ್ದ ಗಂಡಸು ಒಬ್ಬನೂ ಇರಲಿಲ್ಲ, ಸಿಗದಿದ್ದವನು ಒಬ್ಬನಿದ್ದ.