ಗೆರೆ ಹೋದ ದಿಗಿಣ

ಬೆಳ್ಮಣ್ಣಿನ ವಿಠಲ ಯಕ್ಷಗಾನದಲ್ಲಿ ಸುತ್ತಿ ಜಿಗಿದು ದಿಗಿಣ ಹೊಡೆದಾಗಲೆಲ್ಲ ಅವನ ಮುಖ ಬಾಚಣಿಗೆಯಂತಾಗುತ್ತಿತ್ತು. ಟಿವಿಯಲ್ಲಿ ಮಾತ್ರ. ನಿಂತಾಗ ಸ್ಪಷ್ಟವಾಗಿದ್ದ ಅವನ ವೇಷದ ಮಹಿಷಾಸುರ, ಗಿರ್ರನೆ ತಿರುಗಿದೊಡನೆ ಅಡ್ಡಗೆರೆಗಳಾಗಿ ಹರಿದುಹೋಗುತ್ತಿದ್ದ.

ಶಾಲೆಯ ಶತಮಾನೋತ್ಸವದ ಯಕ್ಷಗಾನಕ್ಕೆ ಮಹಿಷಾಸುರನನ್ನು ಆರಿಸಲು ಸಮಿತಿಯ ಅಧ್ಯಕ್ಷ ರಘುವೀರ ರಾಯರು ಆ ದಿನ ನಾಲ್ಕು ಗಂಟೆಗೆ ಮನೆಗೆ ಬರುವವರಿದ್ದರು. ಹದಿನೈದು ವರ್ಷ ಹಿಂದೆ ಅವನು ಆ ವೇಷ ಹಾಕಿ ಕುಣಿದಿದ್ದರ ಡಿವಿಡಿಯೊಂದೇ ವಿಠಲನಿಗಿದ್ದ ಸಾಕ್ಷಿ. ಬೆಳಗ್ಗಿನಿಂದ ಅವನು ಕೂತಲ್ಲಿ ಕೂರಲಿಲ್ಲ.

"ಒಮ್ಮೆ ಕುಣಿದೇ ತೋರಿಸಿಬಿಡಿ," ಎಂದಳು ಹೆಂಡತಿ ಕುಶಲಾ.

"ಚೆಂಡೆ ಇಲ್ಲದೆ ಮೊಣಕಾಲು ಏಳುವುದಿಲ್ಲ."

ಕುವೈತಿನಲ್ಲಿ ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿ ಬಂದ ಪಕ್ಕದ ಮನೆಯ ಅಲೋಶಿಯಸ್ ಕರೆಯದೆಯೇ ಬಂದರು.

"ಇದು ಇಂಟರ್‌ಲೇಸ್, ವಿಠಲಣ್ಣ. ಚಿತ್ರ ಅರ್ಧರ್ಧ ಬರುವುದು. ಮೊದಲು ಒಂದು, ಮೂರು, ಐದನೇ ಗೆರೆ. ಆಮೇಲೆ ಎರಡು, ನಾಲ್ಕು, ಆರು. ಅಷ್ಟರೊಳಗೆ ನೀವು ತಿರುಗಿ ಆಗಿರ್ತದೆ. ಎರಡು ಅರ್ಧಕ್ಕೂ ತಾಳಮೇಳ ಇಲ್ಲ. ಪ್ರೋಗ್ರೆಸಿವ್ ಮಾಡಿದರೆ ಎಲ್ಲ ಗೆರೆ ಒಟ್ಟಿಗೆ ಬರ್ತದೆ."

"ಹಾಗಾದರೆ ಮಾಡಿ ಮಾರಾಯ್ರೆ."

ಅಲೋಶಿಯಸ್ ರಿಮೋಟ್ ಒತ್ತಿದರು. ಟಿವಿ ಕಾವಲಿಯಷ್ಟು ಕಪ್ಪಾಯಿತು.

"ಹಳದಿ ವಯರಿನಲ್ಲಿ ಪ್ರೋಗ್ರೆಸಿವ್ ಹೋಗುವುದಿಲ್ಲ. ಮೂರು ಬಣ್ಣದ ವಯರು ಬೇಕು."

"ಮೊದಲೇ ಹೇಳಬಾರದಿತ್ತಾ?"

"ಈಗ ನೆನಪಾಯಿತು."

ವಿಠಲ ಸ್ಕೂಟರಿನಲ್ಲಿ ಕಾರ್ಕಳಕ್ಕೆ ಓಡಿದ. ಎರಡು ಅಂಗಡಿಯವರು, "ಡಿವಿಡಿಯಾ? ಇನ್ನೂ ಉಂಟಾ ನಿಮ್ಮಲ್ಲಿ?" ಎಂದು ನಕ್ಕರು. ಮೂರನೆಯವನು ಮಿಕ್ಸಿಯ ವಯರು ತೋರಿಸಿದ. ಮೂರೂವರೆಗೆ ಬರಿಗೈಯಲ್ಲಿ ಹಿಂದಿರುಗಿದಾಗ ಅಲೋಶಿಯಸರ ಹೆಂಡತಿ ಸೆಲೀನ್ ಬೇಲಿಯಾಚೆಯಿಂದ ಕೇಳಿದರು, "ಕೆಂಪು, ಹಸಿರು, ನೀಲಿ ವಯರಾ? ನಮ್ಮ ಬಸಳೆ ಚಪ್ಪರ ಕಟ್ಟಿದ್ದು ಅದರಲ್ಲೇ ಅಲ್ವಾ?"

ಚಪ್ಪರ ನೆಲಕ್ಕೊರಗಿತು. ವಯರು ಟಿವಿಗೆ ಬಂತು.

ನಾಲ್ಕಕ್ಕೆ ರಾಯರು ಬಂದು ಕುಳಿತರು. ಮಹಿಷಾಸುರ ತಿರುಗಿದ. ಒಂದೂ ಗೆರೆಯಿಲ್ಲ. ಕಿರೀಟದ ಮಣಿಮಣಿಯನ್ನೂ ಎಣಿಸುವಂತಿತ್ತು. ರಾಯರು ಕುರ್ಚಿಯ ತುದಿಗೆ ಬಂದರು.

"ಇದು ನೀವೇ ಮಾಡಿದ್ದಾ?"

"ನಾನೇ," ಎಂದ ವಿಠಲ, ಎದೆಯುಬ್ಬಿಸಿ.

"ಹಾಗಾದರೆ ನೀವೇ ಬೇಕು. ಶಾಲೆಯಲ್ಲಿ ಹಳೆಯ ಕಾರ್ಯಕ್ರಮದ ನಲ್ವತ್ತು ಡಿವಿಡಿ ಉಂಟು, ಎಲ್ಲದರಲ್ಲೂ ಕುಣಿದರೆ ಸಾಕು, ಗೆರೆ ಗೆರೆ. ಉತ್ಸವದ ಮೂರು ದಿನವೂ ಶಾಲೆಯ ಕೋಣೆಯಲ್ಲಿ ಕೂತು ಅದನ್ನು ಹೀಗೇ ಸರಿಯಾಗಿ ತೋರಿಸಬೇಕು."

"ಮತ್ತೆ ಮಹಿಷಾಸುರ?"

"ಅದಕ್ಕೆ ಜನ ಸಿಗ್ತಾರೆ." ರಾಯರ ಕಣ್ಣು ಬಾಗಿಲು ತುಂಬ ನಿಂತಿದ್ದ ಅಲೋಶಿಯಸರ ಮೇಲೆ, ಅವರ ಮೀಸೆಯ ಮೇಲೆ ನಿಂತಿತು. "ನಿಮಗೆ ವೇಷ ಹಾಕಿ ಅಭ್ಯಾಸ ಉಂಟಾ?"

"ಇಲ್ಲ," ಎಂದರು ಅಲೋಶಿಯಸ್, ನಾಚಿಕೊಂಡು. "ಅದಕ್ಕೆಂತ, ವಿಠಲಣ್ಣ ಕಲಿಸಿಕೊಡ್ತಾರೆ."